ಸತ್ಯಂ ಪತ್ರದಲ್ಲಿ ಕಾಣದ ಕೈಗಳು

ಬಿ. ರಾಮಲಿಂಗ ರಾಜು 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ನಿರ್ದೇಶಕ ಮಂಡಳಿಗೆ ಕಂಪನಿಯ ಅಧ್ಯಕ್ಷರಾಗಿ ಬರೆದ ಪತ್ರಕ್ಕೆ ಅದರ ಯೋಗ್ಯತೆಗೆ ಮೀರಿದ ಮರ್ಯಾದೆ ಸಿಕ್ಕಿದೆ. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ, ಆಡಿಟರುಗಳ ಸಭೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ ಅದು ಇಂದಿಗೂ ‘ತಪ್ಪೊಪ್ಪಿಗೆ’ ಎಂಬ ಹೆಸರಿನಲ್ಲೇ ಓಡಾಡುತ್ತಿದೆ. ಹುಲಿಯ ಮೇಲೆ ಕೂತಂತಾಗಿತ್ತು, ಅದರ ಬಾಯಿಗೆ ಬೀಳದೆ ಇಳಿಯುವ ದಾರಿ ಕಾಣಲಿಲ್ಲ ಎಂದು ರಾಜು ಅದರಲ್ಲಿ ಹೇಳಿಕೊಂಡರು. ಕಾರ್ಪೊರೇಟ್ ಲೆಕ್ಕಪತ್ರದ ನೈತಿಕ ಇಕ್ಕಟ್ಟಿನ ಬಗ್ಗೆ ಮಾತು ಬಂದಾಗಲೆಲ್ಲ ಆ ಹುಲಿ ಹಾಜರಾಗುತ್ತದೆ. ಇಕ್ಕಟ್ಟನ್ನು ಅರಿಯಲು ಆ ಪತ್ರ ಓದಬೇಕು ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಯಾವ ದಿನ, ಯಾರು, ಏನು ನಿರ್ಧರಿಸಿದರು ಎಂಬುದನ್ನು ಅಷ್ಟು ನಾಜೂಕಾಗಿ ಅಳಿಸಿಹಾಕಿದ ಇನ್ನೊಂದು ಬರಹ ನಮ್ಮ ಉದ್ಯಮಲೋಕದಲ್ಲಿ ನನಗೆ ಕಂಡಿಲ್ಲ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 2008ರ ಡಿಸೆಂಬರ್ 16ರಂದು ಘೋಷಿಸಿದ, ರಾಜು ಕುಟುಂಬದ ಮೇಟಾಸ್ ಕಂಪನಿಗಳ ಖರೀದಿ ಹೂಡಿಕೆದಾರರ ಸಿಟ್ಟಿಗೆ ಗಂಟೆಗಳಲ್ಲೇ ರದ್ದಾಯಿತು. ವಿಶ್ವಬ್ಯಾಂಕ್ ಹಾಕಿದ್ದ ಎಂಟು ವರ್ಷಗಳ ನಿಷೇಧ ಅದೇ ತಿಂಗಳು ಬಯಲಿಗೆ ಬಂತು, ಸ್ವತಂತ್ರ ನಿರ್ದೇಶಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು, ಅಡವಿಟ್ಟ ಷೇರುಗಳನ್ನು ಸಾಲ ಕೊಟ್ಟವರು ಮಾರತೊಡಗಿದರು. ಪತ್ರ ಬಂದದ್ದು ಇಷ್ಟೆಲ್ಲ ಆದ ಮೇಲೆ.

ಪತ್ರದ ನಡುಮನೆಯಲ್ಲಿ ಕೂತಿರುವುದು ಒಂದು ‘ಅಂತರ’. ನಿಜವಾದ ಲಾಭಕ್ಕೂ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ನಡುವಿನ ಅಂತರ. ಮೊದಲು ಅದು ಅಲ್ಪವಾಗಿತ್ತು, ವರ್ಷ ಕಳೆದಂತೆ ಬೆಳೆಯಿತು, ಕಂಪನಿ ಹಿರಿದಾದಂತೆ ಕೈಮೀರಿತು, ತುಂಬಲು ಮಾಡಿದ ಪ್ರಯತ್ನಗಳೆಲ್ಲ ಸೋತವು. ಪತ್ರ ಹೇಳುವ ಕಥೆ ಇಷ್ಟೆ. ಇದರಲ್ಲಿ ಹುಟ್ಟುವುದು, ಬೆಳೆಯುವುದು, ಮೀರುವುದು ಎಲ್ಲವೂ ಅಂತರದ ಕೆಲಸ. ಮನುಷ್ಯರು ಬರುವುದು ಅದನ್ನು ಮುಚ್ಚಲು ಹೆಣಗುವವರಾಗಿ ಮಾತ್ರ. ಮಳೆಗಾಲದ ಹೊಳೆಯ ಬಗ್ಗೆ ಬರೆಯುವ ರೀತಿಯಲ್ಲಿ ರಾಜು ತಮ್ಮ ಲೆಕ್ಕಪುಸ್ತಕದ ಬಗ್ಗೆ ಬರೆದಿದ್ದಾರೆ.

ಆದರೆ ಅದೇ ಪತ್ರದ ಅಂಕಿಗಳು ಬೇರೆ ಕಥೆ ಹೇಳುತ್ತವೆ. 2008ರ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ತ್ರೈಮಾಸಿಕಕ್ಕೆ ಕಂಪನಿ ತೋರಿಸಿದ ಆದಾಯ 2,700 ಕೋಟಿ ರೂಪಾಯಿ, ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಕಳೆದು ನೋಡಿ. ಆದಾಯದಲ್ಲಿ ಸುಳ್ಳು 588 ಕೋಟಿ, ಲಾಭದಲ್ಲೂ ಸುಳ್ಳು 588 ಕೋಟಿ. ಆ ಒಂದೇ ತ್ರೈಮಾಸಿಕದಲ್ಲಿ ಇಲ್ಲದ ನಗದು ಮತ್ತು ಬ್ಯಾಂಕ್ ಶಿಲ್ಕು ಏರಿದ್ದು ಎಷ್ಟು ಎಂದು ಪತ್ರವೇ ಹೇಳುತ್ತದೆ: 588 ಕೋಟಿ.

ಮೂರು ಕಡೆ ಒಂದೇ ಮೊತ್ತ. ತಾನಾಗಿ ಬೆಳೆದ ಅಂತರ ಹೀಗೆ ತಾಳೆಯಾಗುವುದಿಲ್ಲ. ಜಮಾ–ಖರ್ಚಿನ ಶಿಸ್ತು ತಿಳಿದ ಯಾರಿಗಾದರೂ ಇಲ್ಲಿ ಕೂತು ಮಾಡಿದ ಕೆಲಸ ಕಾಣುತ್ತದೆ. ಮೊದಲು ಇಲ್ಲದ ಕೆಲಸಕ್ಕೆ ಗ್ರಾಹಕರ ಹೆಸರಿನಲ್ಲಿ ಇನ್ವಾಯ್ಸ್ ಹುಟ್ಟಬೇಕು. ಅದರ ಎದುರಿಗೆ ಖರ್ಚು ಬರೆಯಬಾರದು, ಬರೆದರೆ ಲಾಭ ಅಷ್ಟು ಕಡಿಮೆಯಾಗುತ್ತದೆ. ಇನ್ವಾಯ್ಸ್ ಆದ ಕೂಡಲೇ ಆ ಹಣ ಬರಬೇಕಾದ ಬಾಕಿಯಾಗಿ ನಿಲ್ಲುತ್ತದೆ. ಬಾಕಿ ತಿಂಗಳುಗಟ್ಟಲೆ ಹಾಗೇ ಉಳಿದರೆ ಯಾರಾದರೂ ಕೇಳುತ್ತಾರೆ, ಆದ್ದರಿಂದ ವಸೂಲಾಯಿತು ಎಂದು ಬರೆದು ಬ್ಯಾಂಕ್ ಖಾತೆಗೆ ಸೇರಿಸಬೇಕು. ಪುಸ್ತಕದಲ್ಲಿದ್ದ 5,361 ಕೋಟಿ ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂಬ ಸ್ಥಿತಿ ಬಂದದ್ದು ಹೀಗೆ. ಅಷ್ಟು ಹಣ ಬ್ಯಾಂಕಿನಲ್ಲಿದ್ದರೆ ಬಡ್ಡಿ ಬರಬೇಕಲ್ಲ? ಇಲ್ಲದ ಬಡ್ಡಿಯನ್ನೂ ಬರೆದರು, 376 ಕೋಟಿ. ಠೇವಣಿ ಇದೆ ಎನ್ನಲು ರಸೀದಿ ಬೇಕು. ಖೋಟಾ ರಸೀದಿಗಳು ತಯಾರಾದವು. ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್ವಾಯ್ಸ್‌ಗಳನ್ನು ಸಿಬಿಐ ಮುಂದೆ ಪತ್ತೆಹಚ್ಚಿತು. ಸಾಮಾನ್ಯ ನೌಕರರಿಗೆ ಅವು ಕಾಣದಂತೆ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮರೆ ಮಾಡಲಾಗಿತ್ತು.

ಇದರಲ್ಲಿ ಪ್ರತಿಯೊಂದು ಹೆಜ್ಜೆಯೂ ಒಂದು ನಿರ್ಧಾರ. ಈ ತ್ರೈಮಾಸಿಕಕ್ಕೆ ಎಷ್ಟು ಸೇರಿಸಬೇಕು? ಯಾವ ಗ್ರಾಹಕರ ಹೆಸರಿಗೆ? ಎಷ್ಟು ಬಾಕಿ ಉಳಿಸಬೇಕು, ಎಷ್ಟು ವಸೂಲಾಯಿತೆಂದು ಬರೆಯಬೇಕು? ಸೆಪ್ಟೆಂಬರ್ ಕೊನೆಗೆ 2,651 ಕೋಟಿ ಬಾಕಿಯಲ್ಲಿ ಸುಳ್ಳು ಬಾಕಿ 490 ಕೋಟಿ ಮಾತ್ರ. ಅಂದರೆ ಎಷ್ಟು ಸುಳ್ಳನ್ನು ಬಾಕಿಯಲ್ಲಿಟ್ಟರೆ ಅನುಮಾನ ಬರುವುದಿಲ್ಲ ಎಂಬ ಲೆಕ್ಕಾಚಾರವೂ ನಡೆದಿತ್ತು. ಶೇ 3ರ ಲಾಭವನ್ನು ಶೇ 24 ಎಂದು ತೋರಿಸಲು ದಿನವೊಂದಕ್ಕೆ ಆರು ಕೋಟಿಗೂ ಮೇಲೆ ಸುಳ್ಳು ಬರೆಯಬೇಕಾಗಿತ್ತು. ಹುಲಿ ಇತ್ತು ಎಂದೇ ಒಪ್ಪೋಣ. ಮೂರು ತಿಂಗಳಿಗೊಮ್ಮೆ ಅದಕ್ಕೆ ಆಹಾರ ಹಾಕಿ ಬೆಳೆಸಿದವರು ಪತ್ರದಲ್ಲಿ ಎಲ್ಲಿದ್ದಾರೆ?

ಇಲ್ಲಿ ಪತ್ರದ ವ್ಯಾಖ್ಯಾನಕಾರರ ಜೊತೆ ನನ್ನ ಜಗಳ ಶುರುವಾಗುತ್ತದೆ. ಒಂದು ಗುಂಪು ಇಡೀ ಪ್ರಕರಣವನ್ನು ‘ದುರಾಸೆ’ ಎಂದು ಕರೆದು ಕೈತೊಳೆದುಕೊಳ್ಳುತ್ತದೆ. ಶೇ 3ರ ಲಾಭವೇ ಸುಳ್ಳು, ಹಣ ಬಂದಿತ್ತು, ಜಮೀನಿಗೆ ಹೋಯಿತು ಎಂದು ವಾದಿಸುವವರೂ ಇವರಲ್ಲಿದ್ದಾರೆ. ದುರಾಸೆ ಇತ್ತು, ಸಂಶಯವಿಲ್ಲ. 2014ರಲ್ಲಿ ಸೆಬಿ ರಾಜು ಮತ್ತು ಇತರ ನಾಲ್ವರಿಗೆ ಅಕ್ರಮ ಲಾಭ ಹಿಂತಿರುಗಿಸುವಂತೆ ಆದೇಶಿಸಿದ ಮೊತ್ತ 1,849 ಕೋಟಿ. ಮುಂದೆ ಮೇಲ್ಮನವಿಗಳಲ್ಲಿ ಅದು ಬದಲಾಯಿತು. ಕಂಪನಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಎಂಬ ಪತ್ರದ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಆದರೂ ದುರಾಸೆಯ ವಾದ ನಮ್ಮನ್ನು ದೂರ ಕರೆದೊಯ್ಯುವುದಿಲ್ಲ. ದುರಾಸೆ ಇರುವವರು ಎಲ್ಲ ಕಡೆ ಇದ್ದಾರೆ, ಅವರ ಆಸೆಯನ್ನು ಪುಸ್ತಕಕ್ಕೆ ಇಳಿಸುವ ಕೈಗಳು ಹೇಗೆ ಸಿಗುತ್ತವೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಎರಡನೆಯ ಗುಂಪು ಹೆಚ್ಚು ಪ್ರಭಾವಶಾಲಿ, ಆದ್ದರಿಂದ ಹೆಚ್ಚು ಹಾನಿಕಾರಿ. ಇವರು ನೀತಿಶಾಸ್ತ್ರ ಬೋಧಿಸುವವರು. ಒಳ್ಳೆಯ ಮನುಷ್ಯ ಒಂದು ಸಣ್ಣ ತಪ್ಪು ಮಾಡುತ್ತಾನೆ, ಅದನ್ನು ಮುಚ್ಚಲು ಇನ್ನೊಂದು, ಕೊನೆಗೆ ಜಾರಿ ಪಾತಾಳಕ್ಕೆ ಬೀಳುತ್ತಾನೆ ಎಂಬುದು ಇವರ ಪಾಠ. ಈ ಪಾಠ ಎಲ್ಲಿಂದ ಬಂತು? ರಾಜು ಅವರ ಪತ್ರದಿಂದಲೇ ಬಂತು. ಆರೋಪಿಯ ವಾದವನ್ನೇ ಎತ್ತಿಕೊಂಡು ಸಿದ್ಧಾಂತ ಮಾಡಿದ್ದಾರೆ. ಜಾರುವವನ ಕೈಯಲ್ಲಿ ಆಯ್ಕೆ ಇರುವುದಿಲ್ಲ. ಇನ್ವಾಯ್ಸ್ ಬರೆಯುವವನಿಗೆ ಪ್ರತಿ ತಿಂಗಳೂ ಇರುತ್ತದೆ. ಇಕ್ಕಟ್ಟು ಎಂದರೆ ಎರಡು ನ್ಯಾಯವಾದ ಕರ್ತವ್ಯಗಳು ಎದುರುಬದುರಾಗಿ ನಿಂತು ಒಂದನ್ನು ಬಿಡಲೇಬೇಕಾದ ಸ್ಥಿತಿ. ಪ್ರವರ್ತಕರ ಷೇರು ಪಾಲು ಸಣ್ಣದು, ಫಲಿತಾಂಶ ಕೆಟ್ಟರೆ ಕಂಪನಿ ಬೇರೆಯವರ ಪಾಲಾಗಿ ಅಂತರ ಬಯಲಾಗುತ್ತದೆ ಎಂಬ ಭಯವನ್ನು ಪತ್ರ ಕಾರಣವಾಗಿ ಕೊಡುತ್ತದೆ. ಒಡೆತನ ಉಳಿಸಿಕೊಳ್ಳುವ ಆಸೆ ಒಂದು ಕಡೆ, ಷೇರುದಾರರಿಗೆ ಸತ್ಯ ಹೇಳುವ ಹೊಣೆ ಇನ್ನೊಂದು ಕಡೆ. ಇವೆರಡೂ ಸಮಾನ ತೂಕದ ಕರ್ತವ್ಯಗಳು ಎಂದು ತರಗತಿಯಲ್ಲಿ ಹೇಳುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ.

ನಿಜವಾದ ಇಕ್ಕಟ್ಟು ನೋಡಬೇಕಿದ್ದರೆ ಕೆಳಗಿನ ಮೇಜುಗಳಿಗೆ ಬರಬೇಕು. ಅಮೆರಿಕದ ದೂರಸಂಪರ್ಕ ಕಂಪನಿ ವರ್ಲ್ಡ್‌ಕಾಮ್‌ನಲ್ಲಿ ಬೆಟ್ಟಿ ವಿನ್ಸನ್ ಎಂಬ ಮಧ್ಯಮ ದರ್ಜೆಯ ಅಕೌಂಟೆಂಟ್ ಇದ್ದರು. ಮೇಲಿನವರು ಹೇಳಿದ ಸುಳ್ಳು ನಮೂದುಗಳನ್ನು ಬರೆದ ಮೇಲೆ ರಾಜೀನಾಮೆ ಪತ್ರವನ್ನೂ ಬರೆದರು, ಕೊಡಲಿಲ್ಲ. ಅವರ ಮನೆ ಹೆಚ್ಚಾಗಿ ನಡೆಯುತ್ತಿದ್ದದ್ದು ಅವರ ಸಂಬಳದಿಂದ. ಕೊನೆಗೆ ಅವರಿಗೆ ಐದು ತಿಂಗಳ ಸೆರೆವಾಸವಾಯಿತು. ಮನೆಯನ್ನು ಸಾಕುವ ಹೊಣೆ, ಪುಸ್ತಕಕ್ಕೆ ನಿಷ್ಠರಾಗಿರುವ ಹೊಣೆ ಎರಡೂ ಅಲ್ಲಿ ನಿಜ. ಸತ್ಯಂನಲ್ಲೂ ಅಂಥವರು ಇದ್ದಿರಲೇಬೇಕು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ ಹತ್ತು ಮಂದಿಯಲ್ಲಿ ರಾಜು ಸೋದರರು, ಹಣಕಾಸು ಮುಖ್ಯಸ್ಥರು, ಇಬ್ಬರು ಆಡಿಟರುಗಳ ಜೊತೆಗೆ ಹಣಕಾಸು ವಿಭಾಗದ ನೌಕರರು ಮತ್ತು ಆಂತರಿಕ ಲೆಕ್ಕಪರಿಶೋಧಕರೂ ಇದ್ದರು. ಅವರು ಏನು ಯೋಚಿಸಿದರು, ಯಾವ ದಿನ ಬೇಡ ಎನ್ನಬಹುದಿತ್ತು, ಬೇಡ ಎಂದಿದ್ದರೆ ಏನಾಗುತ್ತಿತ್ತು? ಪತ್ರದಲ್ಲಿ ಇದರ ಸುಳಿವೇ ಇಲ್ಲ. ಅದರ ಬದಲು ಯಾರಿಗೆ ಗೊತ್ತಿರಲಿಲ್ಲ ಎಂಬುದರ ಉದ್ದ ಪಟ್ಟಿ ಇದೆ. ಗೊತ್ತಿದ್ದವರ ಪಟ್ಟಿ ಇಲ್ಲ.

ಆಡಿಟರುಗಳ ವಿಷಯದಲ್ಲಂತೂ ಪತ್ರ ಬೆರಗು ಹುಟ್ಟಿಸುತ್ತದೆ. ಈ ಸಂಗತಿಗಳ ಬೆಳಕಿನಲ್ಲಿ ಲೆಕ್ಕಪತ್ರವನ್ನು ಆಡಿಟರುಗಳಿಂದ ಹೊಸದಾಗಿ ಮಾಡಿಸಿಕೊಳ್ಳಿ ಎಂದು ಅದು ಮಂಡಳಿಗೆ ಸಲಹೆ ಕೊಡುತ್ತದೆ. ವರ್ಷಗಟ್ಟಲೆ ಸಹಿ ಹಾಕಿದ್ದವರು ಪ್ರೈಸ್ ವಾಟರ್‌ಹೌಸ್‌ನವರು. ಬ್ಯಾಂಕ್ ಶಿಲ್ಕನ್ನು ಪರೀಕ್ಷಿಸುವ ಕ್ರಮ ಆಡಿಟ್ ಕಲಿಯುವವರಿಗೆ ಮೊದಲ ವರ್ಷವೇ ಹೇಳಿಕೊಡುವಂಥದ್ದು: ಆಡಿಟರ್ ತಾನೇ ಬ್ಯಾಂಕಿಗೆ ಬರೆಯಬೇಕು, ಉತ್ತರ ನೇರ ತನ್ನ ಕೈಗೇ ಬರಬೇಕು. ಆ ಕೆಲಸವನ್ನು ಕಂಪನಿಯ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2011ರಲ್ಲಿ ಹೇಳಿದರು, ಸಂಸ್ಥೆ ದಂಡ ತೆತ್ತಿತು. ನಮ್ಮ ಸೆಬಿ 2018ರಲ್ಲಿ ಎರಡು ವರ್ಷಗಳ ನಿಷೇಧ ಹೇರಿತು, ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತೆಗೆದುಹಾಕಿತು. ಐದು ಸಾವಿರ ಕೋಟಿಯ ಸುಳ್ಳು ಅಷ್ಟು ಕಾಲ ನಿಂತದ್ದು ಈ ಒಂದು ಕಾಗದದ ದಾರಿ ತಪ್ಪಿದ್ದರಿಂದ. ಅದರ ಬಗ್ಗೆ ಪತ್ರದಲ್ಲಿ ಒಂದಕ್ಷರವಿಲ್ಲ, ಪತ್ರವನ್ನು ಹೊಗಳುವವರ ಬರಹಗಳಲ್ಲೂ ಇಲ್ಲ.

ಪತ್ರದಲ್ಲಿ ಒಳ್ಳೆಯದೇನೂ ಇಲ್ಲವೆ? ಇದೆ. ಅಂಕಿಗಳನ್ನು ಸಾಲುಸಾಲಾಗಿ ಕೊಟ್ಟಿತು. ಹಾಗೆ ಕೊಟ್ಟದ್ದರಿಂದಲೇ ಸರ್ಕಾರ ಕೆಲವೇ ದಿನಗಳಲ್ಲಿ ಹೊಸ ಮಂಡಳಿ ನೇಮಿಸಲು, ಏಪ್ರಿಲ್ ಹೊತ್ತಿಗೆ ಟೆಕ್ ಮಹೀಂದ್ರಾ ಕಂಪನಿಯನ್ನು ಕೊಳ್ಳಲು, ಸಾವಿರಾರು ನೌಕರರ ಕೆಲಸ ಉಳಿಯಲು ದಾರಿಯಾಯಿತು.

ವಾಣಿಜ್ಯ ವಿದ್ಯಾರ್ಥಿಗಳ ಕೈಗೆ ಈ ಪತ್ರ ಮೊದಲ ದಿನವೇ ಸಿಗಬಾರದು. ಮೊದಲು ಬ್ಯಾಂಕ್ ದೃಢೀಕರಣದ ಬಗ್ಗೆ ಅಮೆರಿಕದ ನಿಯಂತ್ರಕರಿಂದ 2011ರಲ್ಲಿ ಬಂದ ಆದೇಶ ಓದಿಸಬೇಕು. ಆಮೇಲೆ 2013ರ ಕಂಪನಿ ಕಾಯ್ದೆಯ 143(12)ನೇ ಸೆಕ್ಷನ್. ನಿಗದಿತ ಮೊತ್ತದ ವಂಚನೆ ನಡೆದಿದೆ ಎಂದು ನಂಬಲು ಕಾರಣ ಸಿಕ್ಕ ಆಡಿಟರ್ ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು ಎನ್ನುವ ಸೆಕ್ಷನ್ ಅದು. ಆಮೇಲೆ ವಿನ್ಸನ್ ಅವರ ಪ್ರಕರಣ. ಪತ್ರಕ್ಕೆ ಕೊನೆಯ ತರಗತಿ ಸಾಕು. ಅದರಲ್ಲಿ ‘ಅಂತರ’ ಎಂದು ಬಂದ ಕಡೆಯಲ್ಲೆಲ್ಲ ಒಬ್ಬ ಮನುಷ್ಯನ ಹುದ್ದೆಯನ್ನು, ಅವನು ಬರೆದ ನಮೂದನ್ನು ತುಂಬಿ ತರುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕು.