ಕಿವಿಗೆ ಬಿದ್ದ ಡಾರ್ವಿನ್

ಚಾರ್ಲ್ಸ್ ಡಾರ್ವಿನ್‌ರು 1859ರಲ್ಲಿ ಪ್ರಕಟಿಸಿದ, ಜೀವಿಪ್ರಭೇದಗಳ ಉಗಮವನ್ನು ಕುರಿತ ಗ್ರಂಥದಲ್ಲಿರುವುದು ಒಂದೇ ಒಂದು ರೇಖಾಚಿತ್ರ. ನಾಲ್ಕನೆಯ ಅಧ್ಯಾಯದ ಆ ಕವಲೊಡೆಯುವ ಗೆರೆಗಳನ್ನು ಮುಂದಿಟ್ಟುಕೊಂಡು ಅವರು ‘ಎ’ಯಿಂದ ‘ಎಲ್’ವರೆಗಿನ ಪ್ರಭೇದಗಳ ಸಂತತಿ ಹೇಗೆ ಬೇರೆ ಬೇರೆಯಾಗುತ್ತ ಹೋಯಿತೆಂದು ಹಲವು ಪುಟಗಳಲ್ಲಿ ವಿವರಿಸುತ್ತಾರೆ. ಪುಸ್ತಕ ಕೈಯಲ್ಲಿದ್ದರೆ ನೀವು ಗೆರೆಯ ಮೇಲೆ ಬೆರಳಿಟ್ಟು ಸಾಗಬಹುದು. ಬರೀ ಕೇಳಿದರೆ ಅಕ್ಷರಗಳೂ ಅಂಕಿಗಳೂ ಸಾಲುಗಟ್ಟಿ ಬರುತ್ತವೆ. ಯಾವುದು ಯಾವುದರ ಕವಲೆಂಬುದು ತಿಳಿಯುವುದೇ ಇಲ್ಲ.

ಈ ಗ್ರಂಥವನ್ನು ಓದಿ, ಧ್ವನಿಮುದ್ರಿಸಿ, ಉಚಿತವಾಗಿ ಕೊಟ್ಟಿರುವವರು ಲಿಬ್ರಿವಾಕ್ಸ್‌ನ ಸ್ವಯಂಸೇವಕರು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಕ್‌ಗ್ವಯರ್ 2005ರ ಆಗಸ್ಟ್‌ನಲ್ಲಿ ಆರಂಭಿಸಿದ ಯೋಜನೆಯಿದು. ಜೋಸೆಫ್ ಕಾನ್ರಾಡ್‌ರ ಕಾದಂಬರಿಯೊಂದರ ಅಧ್ಯಾಯಗಳನ್ನು ಹಲವರು ಹಂಚಿಕೊಂಡು ಓದಿದ್ದೇ ಮೊದಲ ಕೆಲಸ. ಇಂದು ಪಟ್ಟಿಯಲ್ಲಿ 15 ಸಾವಿರಕ್ಕೂ ಹೆಚ್ಚು ಧ್ವನಿಪುಸ್ತಕಗಳಿವೆ. ಪಠ್ಯ ಹೆಚ್ಚಾಗಿ ಗುಟನ್‌ಬರ್ಗ್ ಯೋಜನೆಯದು, ಕಡತಗಳಿರುವುದು ಇಂಟರ್‌ನೆಟ್ ಆರ್ಕೈವ್‌ನಲ್ಲಿ. ಓದಿದವರು ತಮ್ಮ ಧ್ವನಿಯ ಮೇಲಿನ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ಆದ್ದರಿಂದ ನೀವು ಪ್ರತಿ ಮಾಡಿ ಹಂಚಿದರೆ ಯಾರೂ ಕೇಳುವಂತಿಲ್ಲ.

ತಾಂತ್ರಿಕವಾಗಿ ಬೇಕಾದದ್ದು ಅಲ್ಪ: ಒಂದು ಗಣಕ, ಒಂದು ಮೈಕ್, ಆಡಾಸಿಟಿಯಂತಹ ಉಚಿತ ತಂತ್ರಾಂಶ. ಸೆಕೆಂಡಿಗೆ 128 ಕಿಲೋಬಿಟ್ ದರದ ಎಂಪಿ3 ಕಡತ ಸಿದ್ಧವಾಗಬೇಕು. ಅಂದರೆ ಸೆಕೆಂಡಿಗೆ 16 ಕಿಲೋಬೈಟ್. ಒಂದು ಗಂಟೆಯ ಓದಿಗೆ ಸುಮಾರು 58 ಮೆಗಾಬೈಟ್. ಇನ್ನೊಬ್ಬ ಸ್ವಯಂಸೇವಕರು ಅದನ್ನು ಕೇಳಿ, ಸಾಲು ಬಿಟ್ಟುಹೋಗಿದೆಯೇ, ಎರಡು ಸಲ ಬಂದಿದೆಯೇ, ನಡುವೆ ದೀರ್ಘ ಮೌನವಿದೆಯೇ ಎಂದು ನೋಡುತ್ತಾರೆ. ಉಚ್ಚಾರಣೆಯ ರೀತಿ, ಓದಿನ ಶೈಲಿ ಇವುಗಳ ಬಗ್ಗೆ ತೀರ್ಪು ಕೊಡುವುದಿಲ್ಲ.

ಈ ಔದಾರ್ಯ ನನಗೆ ಇಷ್ಟ. ಕಥೆ ಕಾದಂಬರಿಗಳಲ್ಲಿ ಅದರಿಂದ ಆಗುವ ನಷ್ಟವೂ ಕಡಿಮೆ. ಒಂದು ಅಧ್ಯಾಯದ ಧ್ವನಿ ಹಿಡಿಸದಿದ್ದರೆ ಮುಂದಿನದು ಹಿಡಿಸೀತು. ವಿಜ್ಞಾನದ ಬರಹದಲ್ಲಿ ಹಾಗಲ್ಲ. ಸಸ್ಯದ ಲ್ಯಾಟಿನ್ ಹೆಸರನ್ನು ಇಬ್ಬರು ಎರಡು ಬಗೆಯಾಗಿ ಉಚ್ಚರಿಸಿದರೆ ವಿದ್ಯಾರ್ಥಿ ಎರಡು ಸಸ್ಯಗಳೆಂದೇ ತಿಳಿದಾನು. ಪಠ್ಯದಲ್ಲಿ ಇಲ್ಲದ ಮಾತನ್ನು ಸೇರಿಸಬಾರದೆಂಬ ನಿಷ್ಠೆ ಮೂಲಕ್ಕೆ ಗೌರವ ತರುತ್ತದೆ, ನಿಜ. ಆದರೆ ಚಿತ್ರವನ್ನು ವಿವರಿಸುವ ದಾರಿಯನ್ನೂ ಅದು ಮುಚ್ಚುತ್ತದೆ. ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಕಣ್ಣಿಲ್ಲದ ವಿದ್ಯಾರ್ಥಿಯ ಮೇಲೆ. ಉಳಿದವರು ಪುಸ್ತಕ ತೆರೆದು ನೋಡಿಯಾರು, ಆತನಿಗೆ ಅದೂ ಇಲ್ಲ.

ಹಾಗೆಂದು ವಿಜ್ಞಾನವೇ ಕಿವಿಗೆ ಒಗ್ಗದು ಎನ್ನಬೇಡಿ. ಮೈಕೆಲ್ ಫ್ಯಾರಡೆಯವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಮೇಣದಬತ್ತಿಯ ಬಗ್ಗೆ ಮಾಡಿದ ಆರು ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು. ಅದೂ ಲಿಬ್ರಿವಾಕ್ಸ್‌ನಲ್ಲಿದೆ. ಬಾಯಿಮಾತಾಗಿ ಹುಟ್ಟಿದ್ದು ಮತ್ತೆ ಬಾಯಿಗೆ ಬಂದಿದೆ, ಮತ್ತು ಸೊಗಸಾಗಿ ಬಂದಿದೆ. ಜ್ವಾಲೆಯ ನಡುವಿನಿಂದ ಗಾಜಿನ ಕೊಳವೆಯ ಮೂಲಕ ಆವಿಯನ್ನು ಹೊರತಂದು, ಕೊಳವೆಯ ತುದಿಯಲ್ಲಿ ಅದನ್ನು ಹೊತ್ತಿಸುವ ಪ್ರಯೋಗ ಬಂದಾಗ ಧ್ವನಿಯನ್ನು ನಿಲ್ಲಿಸಿ, ತರಗತಿಯಲ್ಲಿ ನೀವೇ ಮಾಡಿ ತೋರಿಸಿ. ಡಾರ್ವಿನ್‌ರ ನಾಲ್ಕನೆಯ ಅಧ್ಯಾಯಕ್ಕೆ ಮುನ್ನ ಆ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಿಡಿ.

2023ರಲ್ಲಿ ಗುಟನ್‌ಬರ್ಗ್ ಯೋಜನೆ ಮೈಕ್ರೋಸಾಫ್ಟ್ ಜೊತೆಗೂಡಿ ಸುಮಾರು 5,000 ಪುಸ್ತಕಗಳನ್ನು ಯಂತ್ರದ ಧ್ವನಿಯಲ್ಲಿ ಹೊರತಂದಿತು. ಯಂತ್ರ ಸುಸ್ತಾಗುವುದಿಲ್ಲ. ಆದರೆ ಕಷ್ಟದ ವಾಕ್ಯದ ಮುಂದೆ ತಡೆದು, ಅರ್ಥಮಾಡಿಕೊಂಡು ಓದುವ ಮನುಷ್ಯನ ಒಂದು ಕ್ಷಣದ ನಿಲುಗಡೆ ಕೇಳುಗನಿಗೂ ನೆರವಾಗುತ್ತದೆ.

ಕನ್ನಡದ ಮಾತಿಗೆ ಬಂದರೆ ಕಾನೂನಿನ ತೊಡಕೊಂದಿದೆ. ಭಾರತದಲ್ಲಿ ಲೇಖಕರು ತೀರಿದ 60 ವರ್ಷಗಳ ನಂತರ ಕೃತಿ ಮುಕ್ತವಾಗುತ್ತದೆ. ಲಿಬ್ರಿವಾಕ್ಸ್ ಅನುಸರಿಸುವುದು ಅಮೆರಿಕದ ಕಾನೂನನ್ನು. ಅಲ್ಲಿ ಹಳೆಯ ಕೃತಿಗಳಿಗೆ ಸಾಮಾನ್ಯವಾಗಿ ಪ್ರಕಟಣೆಯಿಂದ 95 ವರ್ಷಗಳ ಲೆಕ್ಕ. 1943ರಲ್ಲಿ ನಿಧನರಾದ ಬೆಳ್ಳಾವೆ ವೆಂಕಟನಾರಣಪ್ಪನವರ ‘ಜೀವ ವಿಜ್ಞಾನ’ (1939) ನಮ್ಮಲ್ಲಿ ಎಂದೋ ಮುಕ್ತವಾಗಿದೆ. ಆ ಲೆಕ್ಕದಂತೆ ಅಲ್ಲಿಗೆ ಸಲ್ಲುವುದು 2035ರಲ್ಲಿ. ಅದನ್ನು ಇಲ್ಲಿಯೇ ಓದಿ, ಇಲ್ಲಿಯೇ ಹಂಚಲು ಅಡ್ಡಿಯಿಲ್ಲ. ಓದುವವರು ಚಿತ್ರ ಬಂದಲ್ಲಿ ಎರಡು ಮಾತು ಸೇರಿಸಿ ವಿವರಿಸಲಿ, ಸೇರಿಸಿದ್ದು ತಮ್ಮದೆಂದು ಮೊದಲೇ ಹೇಳಲಿ.