ಕೋಕೋನಟ್ ಗ್ರೋವ್ ದುರಂತದ ವೈದ್ಯಕೀಯ ದಾಖಲೆ: ಒಂದು ವಿಮರ್ಶೆ

೧೯೪೨ರ ನವೆಂಬರ್ ೨೮ರ ರಾತ್ರಿ ಅಮೆರಿಕದ ಬೋಸ್ಟನ್ ನಗರದಲ್ಲಿ ಕೋಕೋನಟ್ ಗ್ರೋವ್ ಎಂಬ ವಿನೋದಗೃಹವು ಬೆಂಕಿಗೆ ತುತ್ತಾಗಿ ೪೯೨ ಮಂದಿ ಮಡಿದರು. ಗಾಯಾಳುಗಳಿಗೆ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಶುಶ್ರೂಷೆಯನ್ನು ಕುರಿತು ಅಲ್ಲಿಯ ವೈದ್ಯರೇ ೧೯೪೩ರಲ್ಲಿ ಪ್ರಕಟಿಸಿದ ಲೇಖನಮಾಲೆಯು ಸುಟ್ಟಗಾಯದ ಚಿಕಿತ್ಸೆಯ ಚರಿತ್ರೆಗೆ ಆಕರವೆನಿಸಿದೆ.

ಆಲಿವರ್ ಕೋಪ್ ಮತ್ತು ಅವರ ಸಹೋದ್ಯೋಗಿಗಳು ಅಂದು ರೂಢಿಯಲ್ಲಿದ್ದ ಟ್ಯಾನಿಕ್ ಆಮ್ಲವನ್ನು ಕೈಬಿಟ್ಟರು. ಗಾಯವನ್ನು ಉಜ್ಜಿ ತೊಳೆಯದೆ, ಮುಲಾಮು ಸವರಿದ ಬಟ್ಟೆಯನ್ನು ಹೊದಿಸಿ, ಪ್ಲಾಸ್ಮಾವನ್ನು ನೀಡಿದರು. ಮುಂದಿನವರು ಇದನ್ನು ವಿಜಯಗಾಥೆಯಾಗಿ ಬರೆದಿರುವುದು ಸಹಜವೇ. ಆದರೆ ಅಂಕಿಗಳು ಹೇಳುವುದೇ ಬೇರೆ. ಆಸ್ಪತ್ರೆಗೆ ತಂದವರು ೧೧೪ ಮಂದಿ. ಚಿಕಿತ್ಸೆಗೆ ಒಳಗಾಗುವಷ್ಟು ಕಾಲ ಉಳಿದವರು ೩೯ ಮಾತ್ರ. ಇವರಲ್ಲಿಯೂ ಏಳು ಮಂದಿ ತೀರಿಕೊಂಡರು; ಏಳು ಸಾವುಗಳಲ್ಲಿಯೂ ಶ್ವಾಸಾಂಗದ ಹಾನಿ ಕಾಣುತ್ತದೆ. ಮಿಕ್ಕ ೭೫ ಮಂದಿ ಬಾಗಿಲಲ್ಲಿಯೇ ಈ ಲೇಖನಗಳಿಂದ ಹೊರಗುಳಿಯುತ್ತಾರೆ.

ಗೆದ್ದದ್ದು ಚರ್ಮದ ಚಿಕಿತ್ಸೆ. ಹೊಗೆಯ ಎದುರು ಅಂದಿನ ವೈದ್ಯಶಾಸ್ತ್ರವು ಬಹುಮಟ್ಟಿಗೆ ನಿರಾಯುಧವಾಗಿತ್ತು. ಆಮ್ಲಜನಕ, ಶ್ವಾಸನಾಳದ ಛೇದನ, ಇವೇ ಮುಖ್ಯ ಆಸರೆ. ಶ್ವಾಸಕೋಶವನ್ನು ಕುರಿತು ಬರೆದ ಲೇಖಕರು ಇದನ್ನು ಮರೆಮಾಚಿಲ್ಲ. ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಮರೆತವರು ಅವರನ್ನು ಉದ್ಧರಿಸುವ ನಾವು. (ತರಗತಿಯಲ್ಲಿ ನಾನೂ ಕೆಲವು ವರ್ಷ ವಿಜಯದ ಕಥೆಯನ್ನೇ ಹೇಳಿದ್ದೇನೆ.)

ಲೇಖನಮಾಲೆಯಲ್ಲಿ ಕಾಣದ ಆ ೭೫ ಮಂದಿಯ ಕಥೆಗೆ ನಗರದ ಅಗ್ನಿಶಾಮಕ ಆಯುಕ್ತರ ವರದಿಯನ್ನು ತೆರೆಯಬೇಕು. ಅಲ್ಲಿರುವುದು ಜನರ ಒತ್ತಡಕ್ಕೆ ಸಿಲುಕಿ ನಿಂತ ತಿರುಗುಬಾಗಿಲು, ಬೀಗ ಜಡಿದ ನಿರ್ಗಮನದ್ವಾರ, ಒಳಮುಖವಾಗಿ ತೆರೆಯುವ ಕದ.