ಲಾಕ್ ಬಿಟ್ಟಲ್ಲಿ ಕಾವು

ಅಮೆರಿಕದ ಅರಿಜೋನಾದಲ್ಲಿ, ಬುಲ್‌ಹೆಡ್ ಸಿಟಿಯ ಕಡೆಯಿಂದ 68ನೇ ಹೆದ್ದಾರಿ ಹತ್ತುವ ಏರಿಗೆ ಡೇವಿಸ್ ಡ್ಯಾಂ ಗ್ರೇಡ್ ಎಂದು ಹೆಸರು. ಪಿಕಪ್ ಎಷ್ಟು ಭಾರ ಎಳೆಯಬಲ್ಲದು ಎಂದು ನಿರ್ಧರಿಸುವ ಎಸ್‌ಎಇ ಜೆ2807 ಪರೀಕ್ಷೆಗೆ ಮಾದರಿಯಾಗಿರುವುದು ಇದೇ ಏರು. ಉದ್ದ 11.4 ಮೈಲಿ. ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರಬೇಕು, ಎ.ಸಿ. ಪೂರ್ತಿ ಓಡುತ್ತಿರಬೇಕು, ಬೆನ್ನಿಗೆ ಟ್ರೈಲರ್ ಇರಬೇಕು. ದೊಡ್ಡ ಡೀಸೆಲ್ ಎಂಜಿನ್ನುಗಳಿಗೆ ಬಲದ ಕೊರತೆಯೇನಿಲ್ಲ. ಇಂಥ ಏರಿನಲ್ಲಿ ಮೊದಲು ಬಳಲುವುದು ಅವುಗಳ ಹಿಂದಿರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್.

ಕಾವು ಏರಿದರೆ ಹೆಚ್ಚಿನವರು ದೊಡ್ಡ ಕೂಲರ್ ಹುಡುಕುತ್ತಾರೆ. ನಾನಾದರೆ ಮೊದಲು ಟಾರ್ಕ್ ಕನ್ವರ್ಟರಿನ ಕಡೆ ನೋಡುತ್ತೇನೆ. ಎಂಜಿನ್ನಿನ ಬಲ ಗೇರ್‌ಬಾಕ್ಸಿಗೆ ದಾಟುವುದು ಅದರೊಳಗಿನ ಆಯಿಲ್ ಮೂಲಕ. ಎಂಜಿನ್ ಕಡೆಯ ಚಕ್ರ ವೇಗವಾಗಿ, ಗೇರ್‌ಬಾಕ್ಸ್ ಕಡೆಯದು ನಿಧಾನವಾಗಿ ತಿರುಗುವಷ್ಟು ಹೊತ್ತೂ ಆ ವ್ಯತ್ಯಾಸವೆಲ್ಲ ಆಯಿಲನ್ನು ಕಾಯಿಸುತ್ತದೆ. ಲಾಕ್‌ಅಪ್ ಕ್ಲಚ್ ಹಿಡಿದರೆ ಎರಡೂ ಒಂದಾಗಿ ತಿರುಗುತ್ತವೆ, ಕಾವಿನ ಮೂಲವೇ ನಿಲ್ಲುತ್ತದೆ. ಭಾರ ಹೊತ್ತು ಟಾಪ್ ಗೇರಿನಲ್ಲೇ ಏರು ಹತ್ತಿಸುವ ಹಟ ಹಿಡಿದವರಿಗೆ ಈ ಲಾಕ್ ಪದೇ ಪದೇ ಬಿಟ್ಟುಹೋಗುತ್ತದೆ. ಟೋ/ಹಾಲ್ ಬಟನ್ ಒತ್ತಿ, ಒಂದು ಗೇರ್ ಇಳಿಸಿ, ಎಂಜಿನ್ ಕೊಂಚ ಜೋರಾಗಿ ಕೂಗಲಿ. ಲಾಕ್ ನಿಲ್ಲುತ್ತದೆ, ಗೇಜಿನ ಮುಳ್ಳು ಕೆಳಗಿಳಿಯುತ್ತದೆ. ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯಬಹುದು, ಕುಡಿಯಲಿ. ಭಾರದ ಟ್ರೈಲರನ್ನು ಮಣ್ಣಿನ ದಿಬ್ಬಕ್ಕೆ ರಿವರ್ಸ್ ಹತ್ತಿಸುವಾಗಲೂ ಕನ್ವರ್ಟರ್ ವಿಪರೀತ ಕಾಯುತ್ತದೆ. ಅಲ್ಲಿ ಫೋರ್-ಲೋ ಹಾಕಿಕೊಳ್ಳುವುದು ಜಾಣತನ.

ಗೇಜ್ ಓದುವಾಗ ಸೆನ್ಸರ್ ಎಲ್ಲಿದೆ ಎಂದು ತಿಳಿದಿರಬೇಕು. ಕನ್ವರ್ಟರಿನಿಂದ ಕೂಲರಿಗೆ ಹೋಗುವ ಪೈಪಿನಲ್ಲಿದ್ದರೆ ಮುಳ್ಳು ಒಂದೇ ಏರಿಗೆ ಜಿಗಿದು, ಲಾಕ್ ಆದೊಡನೆ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಕೆಳಗಿನ ಪ್ಯಾನ್‌ನಲ್ಲಿದ್ದರೆ ಏರುವುದೂ ಇಳಿಯುವುದೂ ನಿಧಾನ. ಪ್ಯಾನ್‌ನಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಮಾಮೂಲು. 120ರ ಹತ್ತಿರವೇ ನಿಂತುಬಿಟ್ಟರೆ ಗಾಡಿ ಬದಿಗೆ ಹಾಕಬೇಕು. 175 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ ಪ್ರತಿ 20 ಡಿಗ್ರಿಗೂ ಆಯಿಲಿನ ಆಯಸ್ಸು ಅರ್ಧವಾಗುತ್ತದೆ ಎಂಬ ಲೆಕ್ಕ ವರ್ಕ್‌ಶಾಪ್ ಗೋಡೆಗಳ ಮೇಲೆ ಈಗಲೂ ಇದೆ. ಅದು ಹಳೆಯ ಮಿನರಲ್ ಆಯಿಲಿನ ಕಾಲದ್ದು, ಇಂದಿನ ಸಿಂಥೆಟಿಕ್ ಇನ್ನಷ್ಟು ತಡೆಯುತ್ತದೆ. ಆದರೂ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಬಜ್ಜಿ ಅಂಗಡಿಯ ಮೂರನೇ ದಿನದ ಎಣ್ಣೆಯಂತೆ ಕಪ್ಪಾಗಿ, ಸೀದ ವಾಸನೆ ಹೊಡೆದರೆ ಯಾವ ಲೆಕ್ಕವೂ ಬೇಕಿಲ್ಲ.

ನಿಲ್ಲಿಸಿದ ಮೇಲೂ ಒಂದು ಸೂಕ್ಷ್ಮವಿದೆ. ಕಮಿನ್ಸ್ ಎಂಜಿನ್ನಿನ ಹಳೆಯ ಡಾಡ್ಜ್ ರ‍್ಯಾಮ್‌ಗಳಲ್ಲಿದ್ದ 47ಆರ್‌ಇ, 48ಆರ್‌ಇ ಗೇರ್‌ಬಾಕ್ಸುಗಳು 'ಪಾರ್ಕ್'ನಲ್ಲಿ ಕೂಲರಿಗೆ ಆಯಿಲ್ ಕಳಿಸುವುದಿಲ್ಲ. ತಣಿಯಲೆಂದು ಪಾರ್ಕ್‌ಗೆ ಹಾಕಿ ಕಾದರೆ ಪ್ರಯೋಜನವಿಲ್ಲ. ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಬೇಕು.

ಕೂಲರಿನ ಮಾತು ಕಡೆಯಲ್ಲಿ. ಅದರ ರೆಕ್ಕೆಗಳ ನಡುವೆ ಕೂತ ಧೂಳು, ಹುಳುಗಳನ್ನು ನೀರು ಹಾಯಿಸಿ ತೊಳೆಯುವುದು ಖರ್ಚಿಲ್ಲದ ಮೊದಲ ಕೆಲಸ. ಅದಕ್ಕೂ ಬಗ್ಗದಿದ್ದರೆ ದೊಡ್ಡದು ಹಾಕಿಸಿ. 7.3 ಲೀಟರ್ ಫೋರ್ಡ್ ಇಟ್ಟುಕೊಂಡವರು ನಂತರದ 6.0 ಲೀಟರ್ ಗಾಡಿಯ ಕೂಲರ್ ಕೂರಿಸುವುದು ಅಮೆರಿಕದಲ್ಲಿ ಹಳೆಯ ರೂಢಿ, ಒಳ್ಳೆಯ ರೂಢಿ ಕೂಡ.

ನಮ್ಮಲ್ಲೂ ಬಿಡದಿಯಿಂದ ಬರುವ ಹೈಲಕ್ಸ್‌ನ ಆಟೊಮ್ಯಾಟಿಕ್ 500 ಎನ್‌ಎಂ ಟಾರ್ಕ್ ಕೊಡುತ್ತದೆ. ಭಾರ ತುಂಬಿ ಘಾಟಿ ಹತ್ತಿಸುವವರು ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ರೀಡರ್ ಒಂದನ್ನು ಕೊಂಡು, ಗೇರ್‌ಬಾಕ್ಸಿನ ಕಾವು ಸಿಗುತ್ತದೆಯೇ ನೋಡಿ. ಕೂಲರಿನ ಖರ್ಚಿಗೆ ಕೈ ಹಾಕುವುದು ಆಮೇಲಾಗಲಿ.